ಬಣ್ಣದ ದುಡ್ಡಿಗೆ ಬಣ್ಣ

"ಮೋಸ ಅನ್ಬೇಡಿ ಸಾರ್. ಅವನಿಗೆ ಬಣ್ಣದ ದುಡ್ಡು ಕೊಟ್ಟಿದ್ದಾರೆ, ಬಣ್ಣ ಹೊಡೆದಿದ್ದಾನೆ."

ಮಂಗಳವಾರ ಒಂದು ಹಳೇ ಬೋಟನ್ನು ರಿಪೇರಿಗೆ ಬಿಚ್ಚಿದಾಗ, ಅದಕ್ಕೆ ಹಿಂದೆ ಬಣ್ಣ ಹೊಡೆದವನ ಬಗ್ಗೆ ಫೈಬರ್ ಮೇಸ್ತ್ರಿ ಹೇಳಿದ ಮಾತು. ಗ್ರೈಂಡರ್ ಆಫ್ ಮಾಡಿ, ಮೂಗಿಗೆ ಕಟ್ಟಿದ್ದ ಟವಲ್ ಕೆಳಗಿಳಿಸಿ, ನನ್ನ ಮುಖ ಕೂಡ ನೋಡದೆ ಹೇಳಿದರು. ಹೇಳಿ ಬೀಡಿ ಹಚ್ಚೋಕೆ ಶೆಡ್ಡಿನಾಚೆ ಹೋದರು. ಒಳಗೆ ಹಚ್ಚಂಗಿಲ್ಲ, ಅಷ್ಟು ರೆಸಿನ್ ಇದೆ, ಬೇಗ ಬೆಂಕಿ ಹತ್ತೋ ಅಂಟು. ನಾನು ಮಾತ್ರ ಆ ಮಾತು ಹಿಡಿದುಕೊಂಡು ವಾರವಿಡೀ ಒದ್ದಾಡುತ್ತಿದ್ದೇನೆ.

ಬೋಟು ನನ್ನದಲ್ಲ, ನಮ್ಮ ಭಾವನದು. ಹದಿನಾಲ್ಕು ಅಡಿಯ ಫೈಬರ್ ಬೋಟು, ಹಿಂದೆ 15 ಎಚ್‌ಪಿ ಮೋಟಾರು. ಮಂಗಳೂರಿನ ಕಡೆ ಯಾರದೋ ಹೊಳೆಯಲ್ಲಿ ಓಡಾಡಿ ಹಳೇದಾದ ಮೇಲೆ ಭಾವ ಅದನ್ನು ಲಾರಿಗೆ ಹಾಕಿಸಿ ಶಿರಾಡಿ ಘಾಟಿ ಹತ್ತಿಸಿಕೊಂಡು ಬಂದಿದ್ದರು. ಸಕಲೇಶಪುರದಾಚೆ ಅವರ ತೋಟದಲ್ಲಿ ಕೆರೆ ಇದೆ. ಕಾಫಿಗೆ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹೊಡೆಯೋಕೆ ಅಂತ ಅವರಪ್ಪ ತೋಡಿಸಿದ ಕೆರೆ. ಈಗ ಹೋಂಸ್ಟೇ ಬಂದಿದೆ, ಹಾಗಾಗಿ ಆ ಕೆರೆಗೆ ಮೋಟಾರ್ ಬೋಟು ಬೇಕಾಗಿದೆ. ಈ ದಡದಲ್ಲಿ ಸ್ಟಾರ್ಟ್ ಮಾಡಿ ಗೇರ್ ಹಾಕಿದರೆ ಆ ದಡ ಬಂದೇಬಿಡುತ್ತೆ. ಆದ್ರೂ ಗೆಸ್ಟುಗಳು ಖುಷಿಯಾಗ್ತಾರಂತೆ, ಇರಲಿ.

ಈ ಸಲ ಮಳೆಗಾಲ ಮುಗಿದ ಮೇಲೆ ನೀರಿಗಿಳಿಸಿದರೆ ಹಿಂಭಾಗ ಕುಸಿದು ಕೂತಿತು, ಆಕ್ಸಿಲರೇಟರ್ ಕೊಟ್ಟರೆ ಮೋಟಾರೇ ಹಿಂದೆ ಮುಂದೆ ಓಲಾಡಿತು. "ನೀನು ಹಾಸನದಲ್ಲಿದ್ದೀಯಲ್ಲಪ್ಪ, ಯಾರಿಗಾದ್ರೂ ತೋರಿಸು" ಅಂತ ಭಾವ ಟೆಂಪೋಗೆ ಹಾಕಿ ಕಳಿಸಿಯೇಬಿಟ್ಟರು. ಯಾವಾಗ ಅಂತೀರಿ? ಹಾಸನಾಂಬೆ ಬಾಗಿಲು ತೆಗೆದ ವಾರ! ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರದಿಂದ ಬಲಿಪಾಡ್ಯಮಿ ಮುಗಿಯೋ ತನಕ ನಮ್ಮೂರಲ್ಲಿ ಸೈಕಲ್ ತಿರುಗಿಸೋಕೂ ಜಾಗ ಇರಲ್ಲ, ಅಂಥದ್ದರಲ್ಲಿ ಟೆಂಪೋ ಮೇಲೆ ನೀಲಿ ಬೋಟು. ದರ್ಶನದ ಕ್ಯೂನಲ್ಲಿ ನಿಂತಿದ್ದವರೆಲ್ಲ ಫೋಟೋ ತೆಗೆದರು. ಒಬ್ಬ ಹುಡುಗ "ಅಂಕಲ್, ಪ್ರಳಯ ಯಾವತ್ತು?" ಅಂತ ಕೂಗಿದ. ಚೆನ್ನಾಗಿ ಕೂಗಿದ, ನಗು ಬಂತು.

ಮೇಸ್ತ್ರಿ ಶೆಡ್ಡು ಬಿ. ಕಾಟೀಹಳ್ಳಿಯ ಕೈಗಾರಿಕಾ ಪ್ರದೇಶದ ಕಡೆ ಇದೆ. ಅವರು ಮಾಡೋದು ಬಸ್ಸಿನ ಬಂಪರ್, ಮದುವೆ ಮಂಟಪದ ಕಂಬ, ಛತ್ರದ ಬಾಗಿಲಲ್ಲಿ ಸೊಂಡಿಲೆತ್ತಿ ನಿಲ್ಲಿಸೋ ಆನೆ. ಬೋಟು ಮಾಡಿದ್ದೀರಾ ಅಂತ ಕೇಳಿದೆ. "ಫೈಬರ್ ಫೈಬರೇ ಸಾರ್. ಆನೆ ಮುಳುಗಲ್ಲ, ಇದು ಮುಳುಗುತ್ತೆ, ಅಷ್ಟೇ ವ್ಯತ್ಯಾಸ" ಅಂದರು. ಆ ಉತ್ತರಕ್ಕೇ ನಾನು ಒಪ್ಪಿಕೊಂಡೆ. ಬೋಟು ಇಳಿಸಿದ ತಕ್ಷಣ ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಮುಂಭಾಗದಿಂದ ಹಿಂದಿನವರೆಗೂ ತಟ್ಟುತ್ತಾ ಬಂದರು. ಠಕ್, ಠಕ್, ಠಕ್. ಮೋಟಾರು ಕೂರುವ ಹಿಂದಿನ ಗೋಡೆ ಇದೆಯಲ್ಲ, ಬೋಟಿನವರು ಟ್ರಾನ್ಸಮ್ ಅಂತಾರೆ, ಅಲ್ಲಿಗೆ ಬಂದಾಗ ಸದ್ದು ದಬ್ ಅಂತ ಬದಲಾಯಿತು. ಇನ್ನೊಂದು ಸಲ ತಟ್ಟಿದರು, ದಬ್. "ಇಲ್ಲಿ ಸತ್ತಿದೆ" ಅಂದರು. ಹೊರಗೆ ನೋಡಿದರೆ ಫಳಫಳ ನೀಲಿ ಬಣ್ಣ, ಒಂದು ಗೆರೆ ಬಿರುಕಿಲ್ಲ.

ಒಳಗಿನ ಪದರವನ್ನು ಗ್ರೈಂಡರಿನಲ್ಲಿ ಚೌಕಾಕಾರ ಕೊಯ್ದು ಉಳಿಯಲ್ಲಿ ಮೀಟಿದಾಗ ಮೊದಲು ಕಂದು ನೀರು ಸೋರಿತು. ಆಮೇಲೆ ವಾಸನೆ. ಒಳಗಿದ್ದ ಪ್ಲೈವುಡ್ಡನ್ನು ಮೇಸ್ತ್ರಿ ಬರಿಗೈಯಲ್ಲಿ ಕೆರೆದು ತೆಗೆದರು. ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿಯೋ ಪುಡಿಯ ಹಾಗೆ ಕಪ್ಪಗೆ, ಒದ್ದೆಯಾಗಿ ಉದುರಿತು. ಅದರ ನಡುವೆ ಅಲ್ಲಲ್ಲಿ ಬಿಳಿ ಗಟ್ಟಿ ಉಂಡೆಗಳು. ಪುಟ್ಟಿ. ಹಿಂದೆ ಯಾರೋ ಮೋಟಾರಿನ ಬೋಲ್ಟ್ ತೂತುಗಳಿಗೆ ಪುಟ್ಟಿ ತುಂಬಿ, ಪಕ್ಕದಲ್ಲೇ ಹೊಸ ತೂತು ಕೊರೆದು, ತೂತಿಗೆ ಸೀಲೆಂಟ್ ಕೂಡ ಹಾಕದೆ ಬೋಲ್ಟ್ ಬಿಗಿದು, ಮೇಲೊಂದು ಗಾಜಿನ ನಾರಿನ ತೆಳು ಮ್ಯಾಟ್ ಎಳೆದು ಬಣ್ಣ ಹೊಡೆದಿದ್ದ. ಬೋಲ್ಟ್ ಪಕ್ಕದಿಂದ ನೀರು ಇಳಿದಿದೆ, ಮರ ಕುಡಿದಿದೆ, ಹೊರಗೆ ಬರೋಕೆ ದಾರಿಯಿಲ್ಲ.

ನನಗೆ ರೇಗಿತು. 35-40 ಕೆಜಿ ಮೋಟಾರು ನೇತಾಡೋದೇ ಆ ಗೋಡೆ ಮೇಲೆ, ಬೋಟನ್ನು ಮುಂದಕ್ಕೆ ತಳ್ಳೋ ಬಲವೆಲ್ಲ ಬೀಳೋದೂ ಅಲ್ಲಿಗೇ. ಕೆರೆ ನಡುವೆ ಕಿತ್ತುಕೊಂಡು ಬಂದಿದ್ದರೆ? ಯಾರೋ ಸರಿಯಾಗಿ ಮೋಸ ಮಾಡಿದ್ದಾನೆ ಮೇಸ್ತ್ರಿ ಅಂದೆ. ಆಗ ಬಂದಿದ್ದು ಆ ಮಾತು. ಬಣ್ಣದ ದುಡ್ಡು ಕೊಟ್ಟಿದ್ದಾರೆ, ಬಣ್ಣ ಹೊಡೆದಿದ್ದಾನೆ.

ಅದು ನನ್ನ ಭಾವನಿಗೆ ಎಷ್ಟು ಸರಿಯಾಗಿ ಹೊಂದುತ್ತೆ ಅಂತ ಮೇಸ್ತ್ರಿಗೆ ಗೊತ್ತಿರಲಿಲ್ಲ. ಭಾವ ಒಳ್ಳೆಯವರು. ಮನೆಗೆ ಹೋದರೆ ಬಾಳೆಲೆ ತುಂಬಾ ಬಡಿಸ್ತಾರೆ, ಬರುವಾಗ ಡಿಕ್ಕಿ ತುಂಬಾ ಕಿತ್ತಳೆ ಹಾಕ್ತಾರೆ. ಆದರೆ ಕಾಣೋದಕ್ಕೆ ಎಷ್ಟಾದರೂ ಸುರಿಯೋ ಮನುಷ್ಯ ಕಾಣದೇ ಇರೋದಕ್ಕೆ ನೂರು ರೂಪಾಯಿ ಬಿಚ್ಚಲ್ಲ. ಹೋಂಸ್ಟೇ ಗೇಟಿಗೆ ಗ್ರಾನೈಟ್ ಕಂಬ ಬಂತು, ಹಂಚಿನ ಕೆಳಗಿನ ರೀಪು ಇನ್ನೂ ಅವರಪ್ಪನ ಕಾಲದ್ದು. ಈ ಬೋಟಿಗೆ ಹಿಂದೆ ಬಣ್ಣ ಹೊಡೆಸಿದಾಗ ಕೇಳಿದ ರೇಟನ್ನು ಹೇಗೆ ಅರ್ಧಕ್ಕಿಳಿಸಿದೆ ಅಂತ ಹಬ್ಬದ ಊಟಕ್ಕೆ ಕೂತಾಗ ನಮಗೆಲ್ಲ ಹೇಳಿ ನಗಿಸಿದ್ದರು. ಚೌಕಾಸಿ ಕಥೆ ಹೇಳೋದರಲ್ಲಿ ಅವರನ್ನು ಮೀರಿಸೋರಿಲ್ಲ.

ಫೈಬರ್ ಬೋಟಿನ ಒಳಗೆ ಮರ ಯಾಕೆ ಅಂತ ನನಗೂ ಅನ್ನಿಸಿತ್ತು. ಗಾಜಿನ ನಾರು, ರೆಸಿನ್ ಸೇರಿದ ಚಿಪ್ಪು ಗಟ್ಟಿ ಹೌದು, ಆದರೆ ತೆಳ್ಳಗಿದ್ದರೆ ಬಾಗುತ್ತೆ. ದಪ್ಪ ಮಾಡಿದರೆ ಭಾರ, ಖರ್ಚು. ಅದಕ್ಕೇ ಬಲ ಬೇಕಾದಲ್ಲಿ ಎರಡು ಪದರದ ನಡುವೆ ಪ್ಲೈವುಡ್ ಇಟ್ಟು ಮುಚ್ಚಿಬಿಡ್ತಾರೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಈ ಥರದ ಬೋಟುಗಳು ಶುರುವಾದವು. ಚಿಪ್ಪು ಕೊಳೆಯಲ್ಲ, ತುಕ್ಕು ಹಿಡಿಯಲ್ಲ, ಗೆದ್ದಲು ಹತ್ತಲ್ಲ. ಹಳೇ ಬೋಟುಗಳಲ್ಲಿ ಸಾಯೋದು ಬಹುಪಾಲು ಒಳಗಿರೋ ಮರವೇ. ನಮ್ಮ ಹರಿಗೋಲು ನೋಡಿ, ಬಿದಿರಿನ ಹೆಣಿಗೆ, ಅದಕ್ಕೆ ಹೊದಿಕೆ, ಮೇಲೆ ಟಾರು. ಮೊದಲು ಚರ್ಮ ಹೊದಿಸ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ. ಬಿದಿರು ಮುರಿದರೆ ಕೂತವನ ಕಣ್ಣೆದುರೇ ಮುರಿದಿರುತ್ತೆ. ದಡಕ್ಕೆ ತಂದು ಮಗುಚಿ ಹಾಕಿದರೆ ತಳವೂ ಕಾಣುತ್ತೆ. ಮುಚ್ಚಿಡೋಕೆ ಅದರಲ್ಲಿ ಏನೂ ಇಲ್ಲ.

ಬೀಡಿ ಮುಗಿಸಿ ಬಂದ ಮೇಸ್ತ್ರಿಯನ್ನು ನಾನು ಬಿಡಲಿಲ್ಲ. ಬಣ್ಣದ ದುಡ್ಡಿಗೆ ಬಣ್ಣ ಅನ್ನೋದು ಗೋಡೆಗಾದ್ರೆ ಸರಿ, ಇದರಲ್ಲಿ ಜನ ಕೂರ್ತಾರೆ, ಕೊಳೆತಿದೆ ಅಂತ ಬಾಯಿ ಬಿಟ್ಟು ಹೇಳಬೇಕಿತ್ತಲ್ವಾ, ಹೇಳೋಕೇನು ದುಡ್ಡು ಕೊಡಬೇಕಾ ಅಂದೆ.

"ಹೇಳಿರ್ತಾನೆ ಸಾರ್."

"ನಿಮಗೆ ಹೇಗೆ ಗೊತ್ತು?"

"ಪುಟ್ಟಿ ತುಂಬಿದ್ದಾನಲ್ಲ, ಅಂದ್ರೆ ನೋಡಿದ್ದಾನೆ. ನೋಡಿದವನು ಹೇಳಿರ್ತಾನೆ. ಕೇಳಿಸ್ಕೊಂಡವರು ಯಾರು?"

ಇದನ್ನು ನಾನು ನಂಬಲಿಲ್ಲ. ಒಂದೇ ಕಸುಬಿನವರು ಒಬ್ಬರನ್ನೊಬ್ಬರು ಬಿಟ್ಟುಕೊಡಲ್ಲ, ಅದೇ ಇರಬೇಕು ಅಂದುಕೊಂಡೆ. ರಾತ್ರಿ ಭಾವನಿಗೆ ಫೋನ್ ಮಾಡಿದಾಗ ಎಲ್ಲ ಹೇಳಿ, ಕೊನೆಗೆ ಸುಮ್ನೆ ಕೇಳಿದೆ. ಹಿಂದೆ ಕೆಲಸ ಮಾಡಿದವನು ಮರದ ವಿಷಯ ಏನಾದ್ರೂ ಹೇಳಿದ್ನಾ ಭಾವ?

"ಏನೋ ಅಂದಿದ್ದ ಕಣಯ್ಯ, ಹಿಂದಿನ ಮರ ಬದಲಾಯಿಸಬೇಕು, ಇಲ್ದಿದ್ರೆ ಕಷ್ಟ ಅಂತ. ದುಡ್ಡು ಕೀಳೋಕೆ ಎಲ್ಲರೂ ಹಾಗೇ ಅಂತಾರಲ್ವಾ?"

ನಾನು ಫೋನಿನಲ್ಲಿ ಏನೂ ಹೇಳಲಿಲ್ಲ. ಭಾವನ ಮಾತಿನಲ್ಲೂ ನಿಜ ಇದೆ ಅನ್ನೋದೇ ಕಷ್ಟ. ಕಾರನ್ನು ಆಯಿಲ್ ಬದಲಾಯಿಸೋಕೆ ಬಿಟ್ಟರೆ ಬ್ರೇಕ್ ಪ್ಯಾಡ್ ಹೋಗಿದೆ ಅಂತಾರೆ, ಬೋರ್‌ವೆಲ್ ಮೋಟಾರ್ ಎತ್ತಿದರೆ ಪೈಪೂ ಹೋಗಿದೆ ಅಂತಾರೆ, ಹಲ್ಲು ತೋರಿಸೋಕೆ ಹೋದರೆ ಪಕ್ಕದ್ದೂ ಹಾಳಾಗಿದೆ ಅಂತಾರೆ. ಎಷ್ಟೋ ಸಲ ಅದು ನಿಜ. ಎಷ್ಟೋ ಸಲ ಸುಳ್ಳು. ಯಾವುದು ಯಾವುದು ಅಂತ ನಮಗೆ ಕಾಣಲ್ಲ. ಕಾಣದಿದ್ದಾಗ ನಾವು ದುಡ್ಡು ಉಳಿಯೋ ಕಡೆ ನಂಬಿಕೆ ಇಟ್ಟುಬಿಡ್ತೀವಿ. ಸುಳ್ಳು ಹೇಳಿ ದುಡ್ಡು ಕಿತ್ತವರು ನಮಗೆ ಮಾಡಿದ ನಷ್ಟಕ್ಕಿಂತ ನಿಜ ಹೇಳುವ ಕೆಲಸಗಾರನಿಗೆ ಮಾಡಿದ ನಷ್ಟ ಜಾಸ್ತಿ. ಅವನು ಬಾಯಿ ತೆಗೆದರೆ ಕಳ್ಳ. ಸುಮ್ಮನಿದ್ದರೆ ಆಮೇಲೆ ಕಳ್ಳ. ಮಂಗಳವಾರ ನಾನು ಕಳ್ಳ ಅಂದಿದ್ದು ಯಾರೋ ಹೆಸರು ಗೊತ್ತಿಲ್ಲದವನನ್ನು, ಅವನು ಎಚ್ಚರಿಕೆ ಕೊಟ್ಟು ಮನೆಗೆ ಹೋಗಿ ಎಷ್ಟು ಕಾಲವಾಯಿತೋ.

ಆದರೂ ಅವನನ್ನು ಪೂರ್ತಿ ಬಿಟ್ಟುಬಿಡೋಕೂ ಮನಸ್ಸು ಒಪ್ಪಲ್ಲ. ಕೊಳೆತ ಮರದ ಮೇಲೆ ಅಷ್ಟು ಚೆನ್ನಾಗಿ ಬಣ್ಣ ಹೊಡೆಯಬಾರದಿತ್ತು. ಒರಟಾಗಿ ಬಿಟ್ಟಿದ್ದರೆ ನೋಡಿದವರಿಗಾದರೂ ಅನುಮಾನ ಬರ್ತಿತ್ತು. ಇದನ್ನೂ ಮೇಸ್ತ್ರಿಗೆ ಹೇಳಿದೆ. "ಒರಟಾಗಿ ಮಾಡಿದ್ರೆ ಬಣ್ಣದ ದುಡ್ಡೂ ಕೊಡ್ತಿರಲಿಲ್ಲ ಸಾರ್" ಅಂದರು. ಇವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ.

ಕೆಲಸ ಮಾತ್ರ ನೋಡಬೇಕು. ಕೊಳೆತದ್ದನ್ನೆಲ್ಲ ಕೆರೆದು, ಉಳಿದ ಚಿಪ್ಪನ್ನು ಬಿಸಿಲಿಗೂ ರಾತ್ರಿ ಫೋಕಸ್ ಲೈಟಿಗೂ ಒಡ್ಡಿ ಒಣಗಿಸಿದರು. ಒದ್ದೆ ಇದ್ದರೆ ರೆಸಿನ್ ಹಿಡಿಯಲ್ಲ. ಕೊಯ್ದ ಅಂಚನ್ನು ಸುಮ್ನೆ ನೇರ ಬಿಡಲ್ಲ, 1 ಮಿಲಿಮೀಟರ್ ದಪ್ಪಕ್ಕೆ ಸುಮಾರು 12 ಮಿಲಿಮೀಟರ್ ಉದ್ದದ ಇಳಿಜಾರು ಕೊಟ್ಟು ಉಜ್ಜಬೇಕು, ಆಗಲೇ ಹೊಸ ಪದರ ಹಳೇದರ ಮೇಲೆ ಅಗಲವಾಗಿ ಕೂರುತ್ತೆ. ಆ ಧೂಳು ಮೈಮೇಲೆ ಬಿದ್ದರೆ ಕಥೆ ಮುಗಿಯಿತು. ಗಾಜಿನ ಪುಡಿ ಅಲ್ವಾ, ಬೆವರಿದ ಕುತ್ತಿಗೆಯಲ್ಲೆಲ್ಲ ತುರಿಕೆ. ಬಿಸಿನೀರು ಹಾಕ್ಕೋಬೇಡಿ, ತಣ್ಣೀರಲ್ಲೇ ತೊಳೀರಿ ಅಂತ ಹೇಳಿಕೊಟ್ಟರು.

ಮರಕ್ಕೆ ಮರೀನ್ ಪ್ಲೈ ತಂದೆವು. ಅಂಗಡಿಯಲ್ಲಿ 710 ಅಂದರೆ ಸಾಕು, ಐಎಸ್ 710 ಅನ್ನೋ ಗುಣಮಟ್ಟದ ನಂಬರು, ಹಲಗೆ ಮೇಲೆ ಸೀಲ್ ಇರುತ್ತೆ. ಮಾಮೂಲಿ ಪ್ಲೈಗಿಂತ ರೇಟು ಎಷ್ಟೋ ಜಾಸ್ತಿ. ಬೋಟಿನೊಳಗೆ ಹೋದ ಮೇಲೆ ಯಾವುದು ಹಾಕಿದ್ದು ಅಂತ ದೇವರಿಗೂ ಗೊತ್ತಾಗಲ್ಲ.

ಶೆಡ್ಡಿನಲ್ಲಿ ನನ್ನ ಕಣ್ಣು ಮತ್ತೆ ಮತ್ತೆ ಹೋಗಿದ್ದು ಎರಡು ಬಾಟಲಿಗಳ ಕಡೆ. ರೆಸಿನ್ ಬೇಗ ಗಟ್ಟಿಯಾಗಲಿ ಅಂತ ಅದಕ್ಕೆ ಮೊದಲು ಕೋಬಾಲ್ಟ್ ದ್ರಾವಣ ಬೆರೆಸ್ತಾರೆ, ಅದು ನೇರಳೆ ಬಣ್ಣದ್ದು. ಅದು ಪೂರ್ತಿ ಕಲೆತ ಮೇಲೆ ರೆಸಿನ್ ಗಟ್ಟಿ ಮಾಡೋ, ನೀರಿನಂತಿರೋ ಹಾರ್ಡನರ್, ಕೆಜಿಗೆ 10ರಿಂದ 20 ಮಿಲಿ. ಕೋಬಾಲ್ಟೂ ಹಾರ್ಡನರೂ ನೇರವಾಗಿ ಒಂದಕ್ಕೊಂದು ತಾಗಿದರೆ ಉರಿದು ಸಿಡಿಯುತ್ತೆ. ಮೇಸ್ತ್ರಿ ಒಂದನ್ನು ಶೆಡ್ಡಿನ ಈ ಮೂಲೆಯ ಗೂಡಿನಲ್ಲಿ, ಇನ್ನೊಂದನ್ನು ಆ ಮೂಲೆಯ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದಾರೆ. ಅಳೆಯೋ ಮುಚ್ಚಳಗಳೂ ಬೇರೆ ಬೇರೆ. ಸಹಾಯಕ್ಕಿರೋ ಹುಡುಗನಿಗೆ ಅವಸರ, ಆದ್ರೂ ಪ್ರತಿ ಸಲ ಅಷ್ಟು ದೂರ ನಡೆದು ಹೋಗಿ ತರಬೇಕು, ನಡೆದು ಹೋಗಿ ಇಡಬೇಕು. ನಾನು ಕೊಡುವ ಬಿಲ್ಲಿನಲ್ಲಿ ಈ ನಡಿಗೆಗೆ ಯಾವ ಸಾಲೂ ಇರಲ್ಲ.

ಶುಕ್ರವಾರ ಮ್ಯಾಟ್ ಹಾಸಿದರು. ಬೆಳಿಗ್ಗೆ ಚಳಿ ಇತ್ತು, ಚಳಿಯಲ್ಲಿ ರೆಸಿನ್ ಗಟ್ಟಿಯಾಗೋಕೆ ಹಠ ಮಾಡುತ್ತೆ ಅಂತ ಬಿಸಿಲೇರೋ ತನಕ ಕಾದರು. ಒಂದೇ ಸಲ ಬಕೆಟ್ ತುಂಬಾ ಕಲಸಲ್ಲ. ಜಾಸ್ತಿ ಕಲಸಿದರೆ ಬಕೆಟ್ಟಿನಲ್ಲೇ ಬಿಸಿಯಾಗಿ ಹೊಗೆ ಏಳುತ್ತೆ. ಬಿಳಿ ಮ್ಯಾಟ್ ಮೇಲೆ ರೆಸಿನ್ ಒತ್ತುತ್ತಾ ಬಂದ ಹಾಗೆ ಅದು ಪಾರದರ್ಶಕವಾಗುತ್ತಾ ಹೋಗಿ, ಕೆಳಗಿನ ಪ್ಲೈವುಡ್ಡಿನ ಗೆರೆಗಳೆಲ್ಲ ಕಾಣಿಸಿದವು. ಎಲ್ಲಿ ಬಿಳಿ ಉಳಿದಿದೆಯೋ ಅಲ್ಲಿ ಗಾಳಿ ಕೂತಿದೆ ಅಂತ ಅರ್ಥ, ರೋಲರ್ ಆಡಿಸಿ ಅದನ್ನು ಓಡಿಸ್ತಾರೆ. ಮೇಸ್ತ್ರಿ ಒಂದು ಕಾಳಿನಷ್ಟು ಬಿಳಿ ಚುಕ್ಕೆಯ ಹಿಂದೆ ಬಿದ್ದು, ಅದು ಅಂಚಿನಿಂದ ಆಚೆ ಹೋಗೋ ತನಕ ತಳ್ಳಿದರು. ಆಮೇಲೆ ನನ್ನ ಕಡೆ ತಿರುಗಿ, "ಬಣ್ಣ ಹೊಡೆಯೋಕೆ ಮುಂಚೆ ಫೋಟೋ ತಕ್ಕೊಳ್ಳಿ ಸಾರ್, ನಾಳೆ ಯಾರೂ ನಂಬಲ್ಲ" ಅಂದರು.

ತೆಗೆದು ಭಾವನಿಗೆ ಕಳಿಸಿದೆ. ಕೊಳೆತ ಮರದ್ದೂ, ಹೊಸದರದ್ದೂ. ಜೊತೆಗೆ ಮೇಸ್ತ್ರಿ ಹೇಳಿದ ರೇಟು. ಸ್ವಲ್ಪ ಹೊತ್ತಿಗೇ ಫೋನ್ ಬಂತು. ರೇಟು ಜಾಸ್ತಿಯಾಯ್ತು, ನಾನೊಂದು ಸಲ ಮಾತಾಡಿ ನೋಡ್ತೀನಿ, ನಂಬರ್ ಕೊಡು ಅಂದರು. ಕೊಡಲ್ಲ ಅಂದೆ. ಹಿಂದಿನಿಂದ ಅಕ್ಕ ಫೋನ್ ಕಿತ್ತುಕೊಂಡಳು. "ಆ ಬೋಟಲ್ಲಿ ನಮ್ಮ ಮಕ್ಕಳೂ ಕೂರ್ತಾರೆ ಕಣೋ, ಅವರು ಕೇಳಿದಷ್ಟು ಕೊಟ್ಟುಬಿಡು, ಇವರ ಮಾತು ಕಟ್ಕೋಬೇಡ" ಅಂದಳು. ಅಲ್ಲಿಗೆ ಆಯಿತು.

ಇನ್ನು ಮೋಟಾರು. ಅದರ ಗೇರ್ ಆಯಿಲ್ ಇಳಿಸಿ ನೋಡಿದರೆ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಬಂತು, ಅಂದರೆ ಸೀಲ್ ಹೋಗಿ ನೀರು ಒಳಗೆ ನುಗ್ಗಿದೆ. ತಂಪಿಗೆ ನೀರೆಳೆಯೋ ಪಂಪಿನ ರಬ್ಬರ್ ರೆಕ್ಕೆಗಳೂ ಮುರಿದಿವೆ. ಫೈಬರ್ ಮೇಸ್ತ್ರಿ ಅದನ್ನು ಮುಟ್ಟಲ್ಲ, "ನಂದು ಚಿಪ್ಪಿನ ಕೆಲಸ" ಅಂತಾರೆ. ಟೂ ಸ್ಟ್ರೋಕ್ ಎಂಜಿನ್ ಆಗಿರೋದರಿಂದ, ಜಿಲ್ಲೆಯ ಆರ್‌ಎಕ್ಸ್ 100 ಬೈಕುಗಳನ್ನೆಲ್ಲ ಇನ್ನೂ ಜೀವಂತ ಇಟ್ಟಿರೋ ಒಬ್ಬ ಹಳೇ ಮೆಕ್ಯಾನಿಕ್ಕನ್ನು ಹಿಡಿದಿದ್ದೇನೆ. ಸೋಮವಾರ ಬಂದು ನೋಡ್ತೀನಿ ಅಂದಿದ್ದಾರೆ. ಭಾವನಿಗೆ ಇನ್ನೂ ಹೇಳಿಲ್ಲ, ಅಕ್ಕನಿಗೆ ಹೇಳಿದ್ದೇನೆ.