ಡಿಸ್ನಿ ವರ್ಲ್ಡ್‌ಗೆ ಅಜ್ಜ, ಅಜ್ಜಿ, ಎರಡು ವರ್ಷದ ಮಗು: ಯಾವ ಹೋಟೆಲ್ ಹಿಡಿಯಬೇಕು?

ಊರಿಂದ ಅಪ್ಪ-ಅಮ್ಮ ಅಮೆರಿಕಕ್ಕೆ ಬಂದಿದ್ದಾರೆ, ಮನೆಯಲ್ಲಿ ಎರಡು ವರ್ಷದ ಮಗುವಿದೆ ಅಂದರೆ ಒರ್ಲ್ಯಾಂಡೊದ ವಾಲ್ಟ್ ಡಿಸ್ನಿ ವರ್ಲ್ಡ್ ಮಾತು ಬಂದೇ ಬರುತ್ತದೆ. ಮಗುವಿಗೆ ಮೂರು ತುಂಬುವ ಮೊದಲೇ ಹೋಗಿಬಿಡೋಣ ಎಂಬ ಅವಸರಕ್ಕೂ ಅರ್ಥವಿದೆ, 3 ವರ್ಷದೊಳಗಿನವರಿಗೆ ಪಾರ್ಕ್ ಟಿಕೆಟ್ ಬೇಡ. ಟಿಕೆಟ್ಟಿನ ಲೆಕ್ಕ ಅರ್ಧ ಗಂಟೆಯ ಕೆಲಸ. ತಲೆ ಕೆಡಿಸುವುದು ಹೋಟೆಲ್. ಜಾಗವೇ ಸುಮಾರು 100 ಚದರ ಕಿಲೋಮೀಟರ್, ಪಾರ್ಕುಗಳು ನಾಲ್ಕು, ಡಿಸ್ನಿಯದ್ದೇ ಹೋಟೆಲುಗಳು ಇಪ್ಪತ್ತೈದರ ಆಸುಪಾಸು, ಹೊರಗಿನವು ಲೆಕ್ಕಕ್ಕೆ ಸಿಗದಷ್ಟು.

ಹೆಚ್ಚಿನವರು ಫೋಟೊ, ಈಜುಕೊಳ, ಬಾಡಿಗೆ ನೋಡಿ ತೀರ್ಮಾನಿಸುತ್ತಾರೆ. ಮೂರು ತಲೆಮಾರು ಒಟ್ಟಿಗೆ ಹೋಗುವಾಗ ನೋಡಬೇಕಾದ್ದು ಬೇರೆಯೇ. ಬೆಳಿಗ್ಗೆ ಎಂಟಕ್ಕೆ ಎಲ್ಲರಿಗೂ ಹುರುಪು, ಯಾವ ಹೋಟೆಲಿನಿಂದಲೂ ಪಾರ್ಕ್ ಸೇರಬಹುದು. ಮಧ್ಯಾಹ್ನ ಒಂದು ಗಂಟೆಗೆ ಚಿತ್ರವೇ ಬದಲು: ಮಗುವಿಗೆ ನಿದ್ದೆ, ಅಜ್ಜನಿಗೆ ಮಂಡಿ ನೋವು, ಅಜ್ಜಿಗೆ ಒಂದು ತುತ್ತು ಅನ್ನ ಬೇಕು, ಬೇಸಿಗೆಯಾದರೆ ಹೊರಗೆ 33 ಡಿಗ್ರಿ ಮತ್ತು ಮಂಗಳೂರಿನ ಸೆಕೆ. ಆಗ ಪಾರ್ಕಿನ ಗೇಟಿನಿಂದ ಕೋಣೆಯ ಹಾಸಿಗೆಗೆ ಎಷ್ಟು ನಿಮಿಷ, ನಡುವೆ ಎಷ್ಟು ಸಲ ಹತ್ತಿ ಇಳಿಯಬೇಕು, ಎಷ್ಟು ಸಲ ಸ್ಟ್ರಾಲರ್ (ಮಗುವಿನ ತಳ್ಳುಗಾಡಿ) ಮಡಚಬೇಕು ಎಂಬುದೇ ಹೋಟೆಲಿನ ನಿಜವಾದ ಬೆಲೆ. ಮಧ್ಯಾಹ್ನ ಮರಳಿ ಬಂದು ಮಲಗಿ, ಸಂಜೆ ಐದಕ್ಕೆ ಮತ್ತೆ ಹೋಗುವಂತಿದ್ದರೆ ಪ್ರವಾಸ ಸುಸೂತ್ರ. ಇಲ್ಲದಿದ್ದರೆ ಎರಡನೇ ದಿನಕ್ಕೇ ಮನೆಮಂದಿಯ ಮುಖ ಊದಿಕೊಳ್ಳುತ್ತದೆ.

ಇನ್ನೊಂದು ವಿಷಯ ಮೊದಲೇ ಇತ್ಯರ್ಥವಾಗಲಿ. ಈ ವಯಸ್ಸಿನ ಮಗುವಿಗೆ ಮುಖ್ಯ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್. ಡಂಬೊ, ಇಟ್ಸ್ ಎ ಸ್ಮಾಲ್ ವರ್ಲ್ಡ್, ಪೀಟರ್ ಪ್ಯಾನ್ಸ್ ಫ್ಲೈಟ್, ಕುದುರೆಗಳ ಕ್ಯಾರೊಸೆಲ್ ಹೀಗೆ ಎತ್ತರದ ಮಿತಿಯಿಲ್ಲದ ಸವಾರಿಗಳು ಹೆಚ್ಚು ಇರುವುದು ಅಲ್ಲಿಯೇ. ಅಜ್ಜಿಯೂ ಭಯವಿಲ್ಲದೆ ಕೂರಬಹುದು. ನಾಲ್ಕು ದಿನವಿದ್ದರೆ ಎರಡು ದಿನ ಅಲ್ಲೇ ಕಳೆಯುತ್ತದೆ. ಆದ್ದರಿಂದ ‘ಡಿಸ್ನಿಗೆ ಹತ್ತಿರ’ ಎಂಬ ಜಾಹೀರಾತಿಗೆ ಬೆಲೆ ಕೊಡಬೇಡಿ, ಮ್ಯಾಜಿಕ್ ಕಿಂಗ್‌ಡಮ್ ಗೇಟಿಗೆ ಎಷ್ಟು ಹತ್ತಿರ ಎಂದು ಕೇಳಿ.

ನಡಿಗೆ, ಮೊನೊರೇಲ್, ಗೊಂಡೋಲಾ, ಬಸ್

ದುಡ್ಡಿನ ಯೋಚನೆ ಇಲ್ಲದಿದ್ದರೆ ಡಿಸ್ನಿಯ ಕಾಂಟೆಂಪೊರರಿ ಹೋಟೆಲ್. ಮ್ಯಾಜಿಕ್ ಕಿಂಗ್‌ಡಮ್ ಗೇಟಿನಿಂದ ಹತ್ತು ನಿಮಿಷದ ಸಮತಟ್ಟಾದ ಕಾಲುದಾರಿ, ಸ್ಟ್ರಾಲರಿನಲ್ಲಿ ನಿದ್ದೆ ಹೋದ ಮಗುವನ್ನು ಎಬ್ಬಿಸದೆಯೇ ಕೋಣೆ ಸೇರಬಹುದು. ಗ್ರ್ಯಾಂಡ್ ಫ್ಲೊರಿಡಿಯನ್, ಪಾಲಿನೇಷಿಯನ್ ಕೂಡ ಮೊನೊರೇಲ್ ಸಾಲಿನವೇ. ಆದರೆ ಮೊನೊರೇಲ್ ಸುತ್ತುವುದು ಒಂದೇ ದಿಕ್ಕಿನಲ್ಲಿ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಪಾರ್ಕಿನಿಂದ ಹೊರಟರೆ ಮೊದಲು ಕಾಂಟೆಂಪೊರರಿ, ಆಮೇಲೆ ಟಿಕೆಟ್ ಕೇಂದ್ರ (ಕಾರಿನಲ್ಲಿ ಬಂದವರು ಇಳಿಯುವ ಜಾಗ), ಪಾಲಿನೇಷಿಯನ್, ಕೊನೆಗೆ ಗ್ರ್ಯಾಂಡ್ ಫ್ಲೊರಿಡಿಯನ್. ಅಂದರೆ ಗ್ರ್ಯಾಂಡ್ ಫ್ಲೊರಿಡಿಯನ್‌ನಿಂದ ಹೋಗುವಾಗ ಮುಂದಿನ ನಿಲ್ದಾಣವೇ ಪಾರ್ಕ್, ಬರುವಾಗ ಮಾತ್ರ ಪೂರ್ತಿ ಸುತ್ತು. ಅಲ್ಲಿಗೆ ಮರಳಲು ದೋಣಿಯೋ ಕಾಲುದಾರಿಯೋ ಮೇಲು. ಮೊನೊರೇಲಿಗೆ ಸ್ಟ್ರಾಲರನ್ನು ಮಡಚದೆ ಹಾಗೇ ತಳ್ಳಿಕೊಂಡು ಹೋಗಬಹುದು, ಗಾಲಿಕುರ್ಚಿಯನ್ನೂ. ಈ ಮೂರೂ ಹೋಟೆಲುಗಳಲ್ಲಿ ರಾತ್ರಿಗೆ 600 ಡಾಲರಿಗಿಂತ ಕೆಳಗೆ ಸಿಗುವುದು ಅಪರೂಪ, ಅದರ ಮೇಲೆ 12.5 ಶೇಕಡ ತೆರಿಗೆ.

ಸ್ಕೈಲೈನರ್ ಗೊಂಡೋಲಾ, ಅಂದರೆ ತಂತಿಗೆ ತೂಗಿ ಸಾಗುವ ಡಬ್ಬಿಗಳ ಸಾರಿಗೆ, 2019ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಪಾಪ್ ಸೆಂಚುರಿ, ಆರ್ಟ್ ಆಫ್ ಅನಿಮೇಷನ್, ಕೆರಿಬಿಯನ್ ಬೀಚ್, ರಿವಿಯೆರಾ ಈ ನಾಲ್ಕು ಹೋಟೆಲುಗಳನ್ನು ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್ ಪಾರ್ಕುಗಳ ಜೊತೆ ಜೋಡಿಸುತ್ತದೆ. ಇಲ್ಲೂ ಸ್ಟ್ರಾಲರ್ ಮಡಚುವುದಿಲ್ಲ, ಕಾಯುವುದೂ ಕಡಿಮೆ. ಕೊರತೆಗಳು ಮೂರು. ಒಂದು, ಮ್ಯಾಜಿಕ್ ಕಿಂಗ್‌ಡಮ್‌ಗೆ ಇದು ಹೋಗುವುದೇ ಇಲ್ಲ, ಅಲ್ಲಿಗೆ ಬಸ್ಸೇ ಗತಿ. ಎರಡು, ಡಬ್ಬಿಯಲ್ಲಿ ಗಾಳಿಯಾಡುತ್ತದೆ ಆದರೆ ಎ.ಸಿ. ಇಲ್ಲ. ಮೂರು, ಗುಡುಗು ಮಿಂಚು ಬಂದರೆ ನಿಲ್ಲಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲಾರಿಡಾದಲ್ಲಿ ಮಧ್ಯಾಹ್ನದ ಮಳೆ ಹೆಚ್ಚುಕಡಿಮೆ ದಿನಚರಿ. ಮೂರು ಗಂಟೆಗೆ ಹೊರಟರೆ ನಿಲ್ದಾಣದಲ್ಲೇ ಸಿಕ್ಕಿಕೊಳ್ಳುವ ಸಂಭವ ಹೆಚ್ಚು, ಒಂದಕ್ಕೆ ಹೊರಡಿ. ಡಬ್ಬಿಗಳು ನಿಧಾನಕ್ಕೆ ಚಲಿಸುತ್ತಲೇ ಇರುತ್ತವೆ. ಹೆಜ್ಜೆ ಅಂದಾಜು ಸಿಗದ ಹಿರಿಯರಿದ್ದರೆ ಸಿಬ್ಬಂದಿಗೆ ಹೇಳಿ, ಹಲವು ನಿಲ್ದಾಣಗಳಲ್ಲಿ ಡಬ್ಬಿಯನ್ನು ನಿಲ್ಲಿಸಿ ಹತ್ತಿಸುವ ಪ್ರತ್ಯೇಕ ಜಾಗವಿದೆ.

ಉಳಿದವಕ್ಕೆಲ್ಲ ಬಸ್. ಉಚಿತ, ಸುಮಾರು 20 ನಿಮಿಷಕ್ಕೊಂದು. ಜನ ತುಂಬಿದ ಬಸ್ಸಿನಲ್ಲಿ ಸ್ಟ್ರಾಲರ್ ಮಡಚಲೇಬೇಕು. ಮಗು ಒಬ್ಬರ ಕಂಕುಳಲ್ಲಿ, ಸ್ಟ್ರಾಲರ್ ಇನ್ನೊಬ್ಬರ ಕೈಯಲ್ಲಿ, ಚೀಲಗಳು ಮೂರನೆಯವರ ಹೆಗಲಲ್ಲಿ ಎಂದು ಬಸ್ ಬರುವ ಮೊದಲೇ ಹಂಚಿಕೊಳ್ಳಿ. ಸ್ಟ್ರಾಲರಿನ ತಳದ ಬುಟ್ಟಿಯನ್ನೂ ಆಗಲೇ ಖಾಲಿ ಮಾಡಿ, ಇಲ್ಲದಿದ್ದರೆ ಮಡಚುವಾಗ ಹಾಲಿನ ಬಾಟಲಿ ರಸ್ತೆಗೆ ಉರುಳುತ್ತದೆ. ಒಂದೇ ಕೈಯಲ್ಲಿ ಮಡಚಬಹುದಾದ ಹಗುರ ಸ್ಟ್ರಾಲರ್ ಇಲ್ಲಿ ಬಂಗಾರ. ಪಾರ್ಕಿನೊಳಗೆ 31 ಇಂಚು ಅಗಲ, 52 ಇಂಚು ಉದ್ದ ಮೀರಿದ್ದಕ್ಕೆ ಪ್ರವೇಶವಿಲ್ಲ. ಎಳೆಯುವ ವ್ಯಾಗನ್‌ಗಳನ್ನು 2019ರ ಮೇ ತಿಂಗಳಿನಿಂದ ನಿಷೇಧಿಸಿದ್ದಾರೆ. ಗಾಲಿಕುರ್ಚಿಯಿದ್ದರೆ ಬಸ್ಸಿನ ರ‍್ಯಾಂಪ್ ಇಳಿಸಿ ಹತ್ತಿಸುತ್ತಾರೆ, ಆದರೆ ಒಂದು ಬಸ್ಸಿನಲ್ಲಿ ಅದಕ್ಕೆ ಎರಡೋ ಮೂರೋ ಜಾಗ ಮಾತ್ರ. ರಾತ್ರಿ ಪಟಾಕಿ ಪ್ರದರ್ಶನ ಮುಗಿದ ಕೂಡಲೇ ಸಾಲಿಗೆ ನಿಂತರೆ ಬಸ್ಸಿನ ಮೇಲೆ ಬಸ್ ತಪ್ಪುವುದೂ ಉಂಟು.

ಕಾರಿದೆ, ಬಸ್ಸಿನ ಹಂಗೇಕೆ ಎನ್ನುವವರು ಇದನ್ನು ಓದಲೇಬೇಕು. ಉಳಿದ ಮೂರು ಪಾರ್ಕುಗಳಲ್ಲಿ ಪಾರ್ಕಿಂಗ್ ಗೇಟಿನ ಮುಂದೆಯೇ ಇದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಹಾಗಲ್ಲ. ಕಾರು, ಊಬರ್ ಯಾವುದರಲ್ಲಿ ಬಂದರೂ ಕೆರೆಯ ಈಚೆ ದಡದ ಟಿಕೆಟ್ ಕೇಂದ್ರದಲ್ಲೇ ಇಳಿಯಬೇಕು, ಅಲ್ಲಿ ತಪಾಸಣೆ, ಆಮೇಲೆ ಮೊನೊರೇಲ್ ಅಥವಾ ಫೆರಿ. ಮರಳುವಾಗ ಇದೇ ತಲೆಕೆಳಗು. ಡಿಸ್ನಿ ಹೋಟೆಲಿನ ಬಸ್ ಮಾತ್ರ ಗೇಟಿನ ಪಕ್ಕದಲ್ಲೇ ಇಳಿಸುತ್ತದೆ. ಹೊರಗಿನ ಹೋಟೆಲ್ ಅಗ್ಗ ಎನ್ನುವ ಲೆಕ್ಕದಲ್ಲಿ ಈ ಮುಕ್ಕಾಲು ಗಂಟೆ ಸೇರಿರುವುದಿಲ್ಲ. ಅದರ ಜೊತೆ ದಿನಕ್ಕೆ 30 ಡಾಲರಿನ ಆಸುಪಾಸು ಪಾರ್ಕಿಂಗ್ ಶುಲ್ಕ, ಡಿಸ್ನಿ ಹೋಟೆಲಿನವರಿಗೆ ಅದು ಇಲ್ಲ.

ಕೋಣೆ: ಒಂದು ಬಾಗಿಲು, ಎರಡು ಬಚ್ಚಲು

ಮಾಮೂಲಿ ಅಗ್ಗದ ಕೋಣೆ ಸುಮಾರು 260 ಚದರ ಅಡಿ, ನಾಲ್ವರಿಗೆ. ಅದರ ಮೇಲೆ 3 ವರ್ಷದೊಳಗಿನ ಒಂದು ಮಗುವಿಗೆ ಅವಕಾಶವಿದೆ, ಪ್ಯಾಕ್ ಅಂಡ್ ಪ್ಲೇ ಎಂಬ ಮಡಚುವ ತೊಟ್ಟಿಲನ್ನು ಹೋಟೆಲೇ ಕೊಡುತ್ತದೆ. ಲೆಕ್ಕಕ್ಕೆ ಸರಿಹೋಗುತ್ತದೆ, ಬಾಳುವೆಗೆ ಹೋಗುವುದಿಲ್ಲ. ಮಗು ಏಳೂವರೆಗೆ ಮಲಗಿದರೆ ನಾಲ್ವರು ದೊಡ್ಡವರು ಕತ್ತಲಲ್ಲಿ ಮೊಬೈಲ್ ನೋಡುತ್ತ ಕೂರಬೇಕು. ಬೆಳಿಗ್ಗೆ ಒಂದೇ ಬಚ್ಚಲಿಗೆ ಸರದಿ. ಪಾರ್ಕ್ ತೆರೆಯುವುದಕ್ಕೆ ಅರ್ಧ ಗಂಟೆ ಮುಂಚೆ ಒಳಬಿಡುವ ಸೌಲಭ್ಯ ಡಿಸ್ನಿ ಹೋಟೆಲಿನವರಿಗೆ ಇದೆ. ಆ ಅರ್ಧ ಗಂಟೆಯಲ್ಲಿ ಕ್ಯೂ ಇಲ್ಲದೆ ಎರಡು ಮೂರು ಸವಾರಿ ಮುಗಿಯುತ್ತವೆ. ಬಚ್ಚಲ ಮುಂದೆ ಕಾದು ಅದನ್ನು ಕಳೆದುಕೊಳ್ಳುವ ಸಂಸಾರಗಳೇ ಹೆಚ್ಚು.

ಆದ್ದರಿಂದ ನಡುವೆ ಬಾಗಿಲಿರುವ, ಎರಡು ಬಚ್ಚಲಿರುವ ವ್ಯವಸ್ಥೆ ಹುಡುಕಿ. ಆರ್ಟ್ ಆಫ್ ಅನಿಮೇಷನ್‌ನ ಫ್ಯಾಮಿಲಿ ಸೂಟ್ ಇದಕ್ಕೆಂದೇ ಮಾಡಿದ್ದು: ಸುಮಾರು 565 ಚದರ ಅಡಿ, ಆರು ಜನ, ಬಾಗಿಲಿರುವ ಮಲಗುವ ಕೋಣೆ, ಎರಡು ಬಚ್ಚಲು, ಪುಟ್ಟ ಫ್ರಿಜ್, ಮೈಕ್ರೊವೇವ್. ಒಳಕೋಣೆ ಹಿರಿಯರಿಗಿರಲಿ. ಊಟದ ಮೇಜಿನ ಮೇಲೆ ಗೋಡೆಯಿಂದ ಮಡಚಿ ಇಳಿಸುವ ಮಂಚ ಚೆನ್ನಾಗಿದೆ, ಅದು ಮಗುವಿನ ಅಪ್ಪ-ಅಮ್ಮನಿಗೆ. ಸೋಫಾ ಮಂಚ ಬೆನ್ನಿಗೆ ಆಗಿಬರುವುದಿಲ್ಲ, ಹಿರಿಯರನ್ನು ಅಲ್ಲಿ ಮಲಗಿಸಲೇಬೇಡಿ. ತೊಡಕು ಒಂದೇ, ಫ್ರಿಜ್ ಮತ್ತು ಮೈಕ್ರೊವೇವ್ ಹೊರಕೋಣೆಯಲ್ಲಿವೆ. ಬೆಳಗಿನ ಐದಕ್ಕೆ ಕಾಫಿ ಬೇಕೆನ್ನುವ ತಾತ ಮಗುವಿನ ತೊಟ್ಟಿಲು ದಾಟಿ ಬರಬೇಕು. ಇದೇ ಹೋಟೆಲಿನ ಲಿಟಲ್ ಮರ್ಮೇಡ್ ಕೋಣೆಗಳು ಸೂಟ್ ಅಲ್ಲ, ಲಾಬಿಯಿಂದ ಬಹು ದೂರ. ಹೆಸರು ನೋಡಿ ಮೋಸಹೋಗಬೇಡಿ.

ಬಾಡಿಗೆ ಹೆಚ್ಚೆನಿಸಿದರೆ ಆಲ್-ಸ್ಟಾರ್ ಮ್ಯೂಸಿಕ್‌ನಲ್ಲೂ ಎರಡು ಬಚ್ಚಲಿನ ಸೂಟ್ ಇದೆ, ಆದರೆ ಬಸ್ ಮಾತ್ರ. ಇನ್ನೂ ಒಂದು ದಾರಿ ಪಾಪ್ ಸೆಂಚುರಿಯಲ್ಲಿ ಎರಡು ಮಾಮೂಲಿ ಕೋಣೆ. ಪಕ್ಕದ ಆರ್ಟ್ ಆಫ್ ಅನಿಮೇಷನ್‌ನ ಒಂದು ಸೂಟ್‌ಗಿಂತ ಇವೆರಡೂ ಸೇರಿ ಅಗ್ಗವಾಗುವುದು ಮಾಮೂಲು, ಸ್ಕೈಲೈನರ್ ನಿಲ್ದಾಣವೂ ಅದೇ. ಆದರೆ ಕೋಣೆಗಳ ನಡುವೆ ಒಳಬಾಗಿಲು ಇರಬೇಕು. ‘ಅಕ್ಕಪಕ್ಕ’ ಎಂದರೆ ಬರೀ ಗೋಡೆ, ‘ಕನೆಕ್ಟಿಂಗ್’ ಎಂದು ಫೋನಿನಲ್ಲಿ ಕೇಳಿ, ಬುಕಿಂಗ್‌ನಲ್ಲಿ ಬರೆಸಿ.

ಮೆಟ್ಟಿಲ ವಿಷಯ ಯಾರೂ ಹೇಳುವುದಿಲ್ಲ. ಕೆರಿಬಿಯನ್ ಬೀಚ್‌ನ ಎರಡಂತಸ್ತಿನ ಕಟ್ಟಡಗಳಿಗೆ ಲಿಫ್ಟ್ ಇಲ್ಲ. ಓಲ್ಡ್ ಕೀ ವೆಸ್ಟ್‌ನಲ್ಲಿ ಕೆಲವೇ ಕಟ್ಟಡಗಳಿಗೆ ಇದೆ. ಇಂಥಲ್ಲಿ ನೆಲಮಹಡಿ ಬೇಕೆಂದು ಬುಕಿಂಗ್‌ನಲ್ಲೇ ಬರೆಸಬೇಕು. ಟಬ್ಬಿನ ಅಂಚು ದಾಟಿ ಸ್ನಾನ ಮಾಡುವುದೂ ಹಿರಿಯರಿಗೆ ಅಪಾಯ, ಟಬ್ ಇಲ್ಲದ ಷವರ್ ಇರುವ ಕೋಣೆಗಳು ಇವೆ, ಕೇಳಿ ಪಡೆಯಿರಿ. ಹೋದ ದಿನವೇ ವಾಲ್‌ಮಾರ್ಟಿನಿಂದ ಒಂದು ಚೊಂಬು ಮತ್ತು ಪುಟ್ಟ ಬಕೆಟ್ ತಂದುಬಿಡಿ. ಐದು ಡಾಲರಿನಲ್ಲಿ ಇಷ್ಟು ನೆಮ್ಮದಿ ಡಿಸ್ನಿಯಲ್ಲಿ ಬೇರೆಲ್ಲೂ ಸಿಗದು.

ಪಾರ್ಕಿಗೆ ದಿನಾ ಬರಲಾರೆವು ಎನ್ನುವ ಅಜ್ಜ-ಅಜ್ಜಿ ಇದ್ದರೆ ಲೆಕ್ಕ ಬೇರೆ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ನೋಡಿ. ಬಾಲ್ಕನಿಯ ಕೆಳಗೆ ಜಿರಾಫೆ, ಜೀಬ್ರಾ ಮೇಯುತ್ತವೆ. ಆ ನೋಟದ ಕೋಣೆಗೆ ಹೆಚ್ಚು ಕೊಡಬೇಕು, ಆದರೆ ಲಾಬಿಯ ಹಿಂದಿನ ಜಗಲಿಯಿಂದ ನೋಡಲು ದುಡ್ಡಿಲ್ಲ. ಅದರ ಕಿಡಾನಿ ಭಾಗದಲ್ಲಿರುವ ಸನಾ ಎಂಬ ರೆಸ್ಟೊರೆಂಟಿನಲ್ಲಿ ನಾನ್, ಚಟ್ನಿ ಸಿಗುತ್ತವೆ, ಸಸ್ಯಾಹಾರಿಗಳಿಗೆ ನಿಜಕ್ಕೂ ಊಟವೆನ್ನಬಹುದಾದ ಊಟ. ಎಲ್ಲ ಪಾರ್ಕಿಗೂ ಬಸ್ಸೇ, ಮೊಗಸಾಲೆಗಳು ಬಲು ಉದ್ದ ಎಂಬುದು ತಿಳಿದಿರಲಿ.

ಅನ್ನದ ಏರ್ಪಾಡು

ಪಾರ್ಕಿನೊಳಗೆ ಮನೆಯ ತಿಂಡಿ ಒಯ್ಯಬಹುದು, ಗಾಜಿನ ಡಬ್ಬಿ ಕೂಡದು (ಮಗುವಿನ ಆಹಾರದ ಪುಟ್ಟ ಶೀಶೆಗೆ ವಿನಾಯಿತಿ), ಬಿಡಿ ಐಸ್ ಕೂಡದು. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಎಲ್ಲಕ್ಕೂ ಅಡ್ಡಿಯಿಲ್ಲ. ಕೌಂಟರ್ ಇರುವ ಯಾವ ತಿಂಡಿಯಂಗಡಿಯಲ್ಲೂ ಐಸ್ ನೀರು ಕೇಳಿದರೆ ಪುಕ್ಕಟೆ. ಪ್ರತಿ ಪಾರ್ಕಿನಲ್ಲೂ ಬೇಬಿ ಕೇರ್ ಸೆಂಟರ್ ಇದೆ, ಹಾಲೂಡಿಸಲು, ಡಯಾಪರ್ ಬದಲಿಸಲು, ಮಗುವಿನ ಅನ್ನ ಬಿಸಿ ಮಾಡಲು ತಣ್ಣಗಿನ ಜಾಗ.

ಸೂಟ್‌ನ ಮೈಕ್ರೊವೇವ್‌ನಲ್ಲೇ ಅನ್ನವಾಗುತ್ತದೆ. ತೊಳೆದ ಒಂದು ಲೋಟ ಸೋನಾ ಮಸೂರಿಗೆ ಎರಡು ಲೋಟ ನೀರು, ಹತ್ತು ನಿಮಿಷ ನೆನೆದ ಮೇಲೆ ಸುಮಾರು ಹದಿನೈದು ನಿಮಿಷ ಬೇಯಿಸಿ, ಐದು ನಿಮಿಷ ಮುಚ್ಚಿಡಿ. ಪಾತ್ರೆ ಅಕ್ಕಿ-ನೀರಿನ ಮೂರರಷ್ಟು ಆಳವಿರಲಿ, ಇಲ್ಲವಾದರೆ ಗಂಜಿ ಉಕ್ಕಿ ತಟ್ಟೆಯೆಲ್ಲ ಅಂಟು. ಊರಿಂದ ನೇರ ಬರುವ ಹಿರಿಯರಿಗೆ ಅಕ್ಕಿ ತರಬೇಡಿ ಎಂದು ಮೊದಲೇ ಹೇಳಿ. ಕಾಪ್ರಾ ಎಂಬ ಧಾನ್ಯದ ಹುಳುವಿನ ಕಾರಣಕ್ಕೆ ಭಾರತದಿಂದ ಬರುವ ಪ್ರಯಾಣಿಕರ ಚೀಲದಲ್ಲಿ ಅಕ್ಕಿಗೆ ಅಮೆರಿಕ ಅವಕಾಶ ಕೊಡುವುದಿಲ್ಲ, ಕಡಲೆಕಾಳಿಗೂ ಅದೇ ನಿಯಮ. ಒರ್ಲ್ಯಾಂಡೊದ ಭಾರತೀಯ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ. ಮಾಮೂಲಿ ಅಗ್ಗದ ಕೋಣೆಯಲ್ಲಿ ಫ್ರಿಜ್ ಮಾತ್ರ, ಮೈಕ್ರೊವೇವ್ ಬೇಕೆಂದರೆ ಕೆಳಗಿನ ಫುಡ್ ಕೋರ್ಟಿಗೆ ಹೋಗಬೇಕು.

ಪೂರ್ತಿ ಅಡುಗೆಮನೆಯೇ ಬೇಕೆಂದರೆ ಡಿಸ್ನಿಯ ಒಂದು ಬೆಡ್‌ರೂಮಿನ ವಿಲ್ಲಾ, ಒಲೆ, ಬಟ್ಟೆ ತೊಳೆಯುವ ಯಂತ್ರ ಎಲ್ಲ ಒಳಗೇ. ಈ ವಿಲ್ಲಾಗಳ ಸದಸ್ಯತ್ವ ಇರುವವರಿಂದ ಅವರ ವಾಸದ ಪಾಯಿಂಟ್ ಬಾಡಿಗೆಗೆ ಪಡೆದರೆ ಬೆಲೆ ಗಣನೀಯವಾಗಿ ಇಳಿಯುತ್ತದೆ, ಆದರೆ ರದ್ದು ಮಾಡಿದರೆ ಸಾಮಾನ್ಯವಾಗಿ ಹಣ ವಾಪಸಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯ ಹಿರಿಯರು ಜೊತೆಗಿದ್ದಾಗ ಈ ಜೂಜು ಬೇಡ. ನೇರ ಬುಕಿಂಗ್‌ನಲ್ಲಿ ಕೋಣೆ ಮಾತ್ರವಾದರೆ 5 ದಿನ ಮುಂಚಿನವರೆಗೆ, ಟಿಕೆಟ್ ಸೇರಿದ ಪ್ಯಾಕೇಜ್ ಆದರೆ 30 ದಿನ ಮುಂಚಿನವರೆಗೆ ಪೂರ್ತಿ ಹಣ ಬರುತ್ತದೆ. ಕೋಣೆ ಬೇರೆ, ಟಿಕೆಟ್ ಬೇರೆ ತೆಗೆಯುವುದೇ ಜಾಣತನ. ಹೊರಗಡೆ ಅಡುಗೆಮನೆ ಬೇಕಾದವರಿಗೆ ಪಶ್ಚಿಮ ದ್ವಾರದ ಬಳಿಯ ಫ್ಲೆಮಿಂಗೊ ಕ್ರಾಸಿಂಗ್ಸ್ ಹೋಟೆಲುಗಳು ಪರವಾಗಿಲ್ಲ, ಕಾರಿದ್ದರೆ ಮಾತ್ರ.

ಅಜ್ಜನಿಗೆ ನಡೆಯಲು ಕಷ್ಟವೆಂದು ಕ್ಯೂ ತಪ್ಪಿಸುವ ವಿಶೇಷ ಪಾಸ್ ಸಿಗುತ್ತದೆ ಎಂದು ನಂಬಿ ಹೋಗಬೇಡಿ. 2024ರಿಂದ ಆ ಸೌಲಭ್ಯ ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆಗಳಿರುವವರಿಗೆ. ಗಾಲಿಕುರ್ಚಿ ಬೇಕೇ ಬೇಕು. ಪಾರ್ಕಿನಲ್ಲಿ ಬಾಡಿಗೆಗೆ ಪಡೆದದ್ದು ಹೋಟೆಲಿನವರೆಗೆ ಬರುವುದಿಲ್ಲ, ಹೋಟೆಲಿಗೇ ತಂದುಕೊಡುವ ಹೊರಗಿನ ಬಾಡಿಗೆಯವರಿಂದ ಮೊದಲೇ ಗೊತ್ತುಮಾಡಿ.

ಬರುವ ದಿನ ಕೋಣೆ ಸಿಗುವುದು ಮಧ್ಯಾಹ್ನ 3ಕ್ಕೆ, ವಿಲ್ಲಾಗಳಿಗೆ 4ಕ್ಕೆ. ಬೆಳಗಿನ ವಿಮಾನ ಹಿಡಿದರೆ ಮಗುವಿನ ನಿದ್ದೆ ಲಾಬಿಯ ಸೋಫಾದ ಮೇಲೆ. ಮಧ್ಯಾಹ್ನ ಎರಡರ ಸುಮಾರಿಗೆ ಇಳಿಯುವ ವಿಮಾನ ನೋಡಿ. ಡಿಸ್ನಿಯ ಉಚಿತ ವಿಮಾನನಿಲ್ದಾಣ ಬಸ್ 2022ರ ಆರಂಭದಲ್ಲೇ ನಿಂತಿತು, ಈಗ ದುಡ್ಡು ಕೊಟ್ಟು ಷಟಲ್ ಅಥವಾ ಟ್ಯಾಕ್ಸಿ. ಫ್ಲಾರಿಡಾ ಕಾನೂನಿನಂತೆ 3 ವರ್ಷದವರೆಗಿನ ಮಕ್ಕಳಿಗೆ ಕಾರಿನಲ್ಲಿ ಕಾರ್ ಸೀಟ್ ಕಡ್ಡಾಯ, ಊಬರ್ ಚಾಲಕರ ಬಳಿ ಅದು ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮದನ್ನೇ ಒಯ್ಯಿರಿ, ವಿಮಾನದಲ್ಲಿ ಅದಕ್ಕೆ ಲಗೇಜ್ ಶುಲ್ಕ ಹಾಕುವುದಿಲ್ಲ.