ದಪ್ಪಕ್ಷರದಲ್ಲಿದ್ದ ಒಂದು ಅಂಕಿ

ನನ್ನ ತಂದೆಯವರಿಗೆ 52ನೆಯ ವಯಸ್ಸಿನಲ್ಲಿ ಹೃದಯಾಘಾತವಾಗಿತ್ತು. ನಾನು ಅದೇ ವಯಸ್ಸು ಮುಟ್ಟಿದ ವರ್ಷ ವೈದ್ಯರು ಕೊಲೆಸ್ಟ್ರಾಲ್, ಸಕ್ಕರೆಯ ಪರೀಕ್ಷೆಗಳ ಜೊತೆಗೆ ಉರಿಯೂತವಾದಾಗ ರಕ್ತದಲ್ಲಿ ಏರುವ ಸಿ-ರಿಯಾಕ್ಟಿವ್ ಪ್ರೋಟೀನನ್ನು ಅಳೆಯುವ ಹೈ ಸೆನ್ಸಿಟಿವಿಟಿ ಸಿಆರ್‌ಪಿ ಎಂಬ ರಕ್ತಪರೀಕ್ಷೆಯನ್ನೂ ಬರೆದುಕೊಟ್ಟರು. ಸಂಜೆ ಬಂದ ವರದಿಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 118 ಇತ್ತು, ಸಕ್ಕರೆಯೂ ಮಿತಿಯೊಳಗೇ ಇತ್ತು. ಸಿಆರ್‌ಪಿ ಮಾತ್ರ ಲೀಟರಿಗೆ 12.4 ಮಿಲಿಗ್ರಾಂ ಎಂದು ದಪ್ಪಕ್ಷರದಲ್ಲಿತ್ತು. 1ಕ್ಕಿಂತ ಕೆಳಗಿದ್ದರೆ ಅಪಾಯ ಕಡಿಮೆ, 3ರವರೆಗೆ ಮಧ್ಯಮ, ಅದನ್ನು ಮೀರಿದರೆ ಹೆಚ್ಚು ಎಂದು ಕೆಳಗೆ ಬರೆದಿತ್ತು. ಆ ರಾತ್ರಿ ಎಡಗೈ ಜೋಮು ಹಿಡಿದರೂ ಎದ್ದು ಕೂರುತ್ತಿದ್ದೆ.

ಮರುದಿನ ವೈದ್ಯರು ವರದಿಗಿಂತ ಹೆಚ್ಚು ಹೊತ್ತು ನನ್ನ ಮುಖವನ್ನೇ ನೋಡಿ, "ಕೆನ್ನೆ ಊದಿದೆಯಲ್ಲ, ಬಾಯಿ ತೆರೆಯಿರಿ" ಎಂದರು. ಕೆಳದವಡೆಯ ಕೊನೆಯ ಹಲ್ಲಿನ ಸುತ್ತ ಒಸಡು ಕೆಂಪಗೆ ಬಾತು, ಒತ್ತಿದರೆ ಕೀವು ಜಿನುಗುತ್ತಿತ್ತು. ನಾಲ್ಕು ದಿನಗಳಿಂದ ನಾನು ಉಪ್ಪುನೀರು ಮುಕ್ಕಳಿಸುತ್ತಾ ಕಾಲ ತಳ್ಳಿದ್ದೆ. ದೇಹದ ಯಾವ ಮೂಲೆಯಲ್ಲಿ ಉರಿಯೂತವಾದರೂ ಇಂಟರ್‌ಲ್ಯುಕಿನ್-6 ಎಂಬ ಸಂದೇಶವಾಹಕವು ಯಕೃತ್ತಿಗೆ ಸುದ್ದಿ ಮುಟ್ಟಿಸುತ್ತದೆ, ಯಕೃತ್ತು ಸಿಆರ್‌ಪಿಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಉರಿ ಎಲ್ಲಿದೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. 1930ರಲ್ಲಿ ಈ ಪ್ರೋಟೀನು ಮೊದಲು ಪತ್ತೆಯಾದದ್ದೂ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಆದ್ದರಿಂದ ಅಂಕಿ 10 ದಾಟಿದ್ದರೆ ಮೊದಲು ಸೋಂಕನ್ನು ಹುಡುಕಬೇಕು, ಅದು ವಾಸಿಯಾದ ಮೇಲೆ ಕನಿಷ್ಠ ಎರಡು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು ಎಂದು ಅವರು ತಿಳಿಸಿ ಹೇಳಿದರು. ಇಷ್ಟನ್ನು ರಕ್ತ ಕೊಡುವ ಮೊದಲೇ ಯಾರಾದರೂ ಹೇಳಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಹಲ್ಲು ಕೀಳಿಸಿ, ಗಾಯ ಪೂರ್ತಿ ಮಾಗಿದ ಮೇಲೆ ಮತ್ತೆ ರಕ್ತ ಕೊಟ್ಟೆ. ಈ ಸಲ ಬಂದದ್ದು 2.6. ನಾನು ನಿಟ್ಟುಸಿರು ಬಿಟ್ಟೆ, ವೈದ್ಯರು ಬಿಡಲಿಲ್ಲ. ಸೋಂಕಿಲ್ಲದಾಗಲೂ 2ರ ಮೇಲೆ ನಿಂತ ಅಂಕಿಯನ್ನು, ತಂದೆಗೆ 55ರೊಳಗೇ ಆದ ಹೃದಯಾಘಾತವನ್ನು ಮತ್ತು 138ರ ರಕ್ತದೊತ್ತಡವನ್ನು ಒಟ್ಟಿಗೆ ಇಟ್ಟು ನೋಡಬೇಕು ಎಂಬುದು ಅವರ ಮಾತು. ಅಪಧಮನಿಯ ಗೋಡೆಯಲ್ಲಿ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ಅಲ್ಲಿ ಉರಿಯೂತವೂ ನಡೆದಿರುತ್ತದೆ ಎಂಬುದನ್ನು ನಾನು ನಂಬಿದ್ದು 2017ರ ಕ್ಯಾಂಟೋಸ್ ಅಧ್ಯಯನದ ವಿಷಯ ಕೇಳಿದ ಮೇಲೆ. ಹಿಂದೆ ಹೃದಯಾಘಾತವಾಗಿದ್ದು ಸಿಆರ್‌ಪಿ 2 ಅಥವಾ ಅದಕ್ಕೂ ಹೆಚ್ಚಿದ್ದ 10,000ಕ್ಕೂ ಮಿಕ್ಕಿದ ಜನರಲ್ಲಿ, ಎಲ್‌ಡಿಎಲ್ ಇಳಿಸದೆ ಉರಿಯೂತವನ್ನಷ್ಟೇ ತಗ್ಗಿಸುವ ಕ್ಯಾನಕಿನುಮಾಬ್ ಎಂಬ ಚುಚ್ಚುಮದ್ದು, 150 ಮಿಲಿಗ್ರಾಂ ಪ್ರಮಾಣದಲ್ಲಿ, ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಸಂಬಂಧಿ ಸಾವುಗಳನ್ನು ಒಟ್ಟಾರೆ ಶೇಕಡಾ 15ರಷ್ಟು ಕಡಿಮೆ ಮಾಡಿತ್ತು. ಆದರೆ ಮಾರಕ ಸೋಂಕುಗಳು ಹೆಚ್ಚಿದವು. ಸಿಆರ್‌ಪಿಯೇ ತಪ್ಪಿತಸ್ಥನಲ್ಲ ಎಂದು ವಂಶವಾಹಿಗಳ ಅಧ್ಯಯನಗಳು ತೋರಿಸಿವೆ. ಅದು ಹೊಗೆ, ಬೆಂಕಿ ಬೇರೆ ಕಡೆ ಇರುತ್ತದೆ.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಅಂದೇ ಶುರುಮಾಡಿದೆ. ಆರು ತಿಂಗಳ ಪರೀಕ್ಷೆಗೆ ದಿನ ಗೊತ್ತಾಗಿತ್ತು; ಹಿಂದಿನ ವಾರ ನೆಗಡಿ, ಜ್ವರ ಬಂದದ್ದರಿಂದ ಪ್ರಯೋಗಾಲಯಕ್ಕೆ ಫೋನು ಮಾಡಿ ಅದನ್ನು ಮೂರು ವಾರ ಮುಂದೂಡಿಸಿದೆ.