ಮೂವತ್ತೇಳು ಡಿಗ್ರಿ ನೀರಿನಲ್ಲಿ

ಬೆಳಿಗ್ಗೆ ಏಳೂವರೆಗೆ ಅಪ್ಪನ ಫೋನು. "ಇವತ್ತೇ ಕರಗಿಸುತ್ತಾರಾ?" ಹೌದೆಂದೆ. "ನೀರು ಮೂವತ್ತೇಳು ಡಿಗ್ರಿ ಇರಬೇಕು ನೋಡು" ಎಂದರು. ಅದನ್ನು ಪ್ರಯೋಗಾಲಯದವರಿಗೆ ನಾನು ಹೇಳಿಕೊಡಬೇಕಾಗಿಲ್ಲ ಎಂಬುದು ಅವರಿಗೂ ಗೊತ್ತು. ಆದರೆ ಮೂವತ್ತು ವರ್ಷ ಪಶು ಆಸ್ಪತ್ರೆಯಲ್ಲಿ ದುಡಿದವರು ಅವರು. ದ್ರವ ಸಾರಜನಕದ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಊರೂರು ಸುತ್ತಿ, ಹೋರಿಯ ವೀರ್ಯದ ನಳಿಕೆಯನ್ನು ಬೆಚ್ಚನೆಯ ನೀರಿನಲ್ಲಿ ಮೂವತ್ತು ಸೆಕೆಂಡು ಅದ್ದಿ, ಹಸುಗಳಿಗೆ ಗರ್ಭ ಕಟ್ಟಿಸಿದವರು. ಹೇಳದೆ ಹೇಗಿದ್ದಾರು?

ಎಂಟು ವರ್ಷಗಳ ಹಿಂದೆ ನನಗೆ ದುಗ್ಧರಸ ಗ್ರಂಥಿಯ ಕ್ಯಾನ್ಸರ್ (ಲಿಂಫೋಮಾ) ಬಂದಾಗ, ಕಿಮೊಥೆರಪಿಯಿಂದ ವೀರ್ಯಾಣು ಉತ್ಪತ್ತಿಯೇ ನಿಂತುಹೋಗಬಹುದು, ಮೊದಲೇ ತೆಗೆದಿಡುವುದು ಒಳ್ಳೆಯದು ಎಂದು ವೈದ್ಯರು ಹೇಳಿದ್ದರು. ಅಪ್ಪನ ಮುಂದೆ ಆ ಮಾತು ಎತ್ತಲು ನನಗೆ ನಾಲಗೆ ಏಳಲಿಲ್ಲ. ಕೊನೆಗೆ ಅವರೇ ಹೇಳಿದರು: "ಹೆಸರಘಟ್ಟದ ವೀರ್ಯ ಕೇಂದ್ರದಲ್ಲಿ ಹೋರಿಗಳದ್ದನ್ನು ವರ್ಷಗಟ್ಟಲೆ ಇಡುತ್ತಾರೆ. ನಿನ್ನದೂ ಕೆಡುವುದಿಲ್ಲ."

ಅಂದು ಊರಿಗೆ ಮರಳುವ ಬಸ್ಸಿನಲ್ಲಿ ಅವರು ವಿವರಿಸಿದ್ದು ಇನ್ನೂ ನೆನಪಿದೆ. ಮೈನಸ್ 196 ಡಿಗ್ರಿಯಲ್ಲಿ ಕೂತಿರುವಷ್ಟು ದಿನ ವೀರ್ಯಾಣುವಿಗೆ ಏನೂ ಆಗುವುದಿಲ್ಲ. ಅಪಾಯವಿರುವುದು ಇಳಿಯುವಾಗ ಮತ್ತು ಹತ್ತುವಾಗ. ಹೊರಗಿನ ನೀರು ಮಂಜುಗಡ್ಡೆಯಾದಂತೆ ಉಳಿದ ದ್ರವದಲ್ಲಿ ಉಪ್ಪಿನಂಶ ಏರುತ್ತದೆ, ಅದು ಕೋಶದೊಳಗಿನ ನೀರನ್ನೆಲ್ಲ ಹೀರಿ ಸುಕ್ಕುಗಟ್ಟಿಸುತ್ತದೆ. ತೀರ ಬೇಗ ತಣಿಸಿದರೆ ಒಳಗೇ ಹರಳುಗಳು ಮೂಡಿ ಪೊರೆಯನ್ನು ಹರಿಯುತ್ತವೆ. ನಿಧಾನವಾಗಿ ಕರಗಿಸಿದರೆ ಸಣ್ಣ ಹರಳುಗಳು ಒಂದಕ್ಕೊಂದು ಕೂಡಿ ದೊಡ್ಡವಾಗುತ್ತವೆ. ಅದಕ್ಕೇ ಬೆಚ್ಚನೆಯ ನೀರು, ಅದಕ್ಕೇ ಹೆಪ್ಪುಗಟ್ಟುವಾಗ ಕೋಶವನ್ನು ಕಾಪಾಡುವ ಗ್ಲಿಸರಾಲ್. 1949ರಲ್ಲಿ ಇಂಗ್ಲೆಂಡಿನಲ್ಲಿ ಹುಂಜದ ವೀರ್ಯದ ಮೇಲೆ ಪ್ರಯೋಗ ಮಾಡುತ್ತಿದ್ದವರಿಗೆ ಗ್ಲಿಸರಾಲ್‌ನ ಗುಣ ಗೊತ್ತಾದದ್ದು ಸೀಸೆಗಳು ಅದಲುಬದಲಾದ್ದರಿಂದ ಎಂದು ಅಪ್ಪ ಬಹಳ ಆಸಕ್ತಿಯಿಂದ ಹೇಳಿದರು. ಆ ವಿಷಯ ನಮ್ಮಿಬ್ಬರ ನಡುವೆ ಬಂದದ್ದು ಹೀಗೆ, ಹುಂಜ ಹೋರಿಗಳ ಬೆನ್ನೇರಿ. ಆ ದಾರಿಯೊಂದು ಇಲ್ಲದಿದ್ದರೆ ನಾವು ಮಾತನಾಡುತ್ತಲೇ ಇರಲಿಲ್ಲ.

ಹತ್ತು ಗಂಟೆಗೆ ಹೆಂಡತಿಯನ್ನು ಒಳಗೆ ಕರೆದೊಯ್ದರು. ಒಂಬತ್ತು ಅಂಡಾಣು ಸಿಕ್ಕವು. ಸ್ವಲ್ಪ ಹೊತ್ತಿನ ಮೇಲೆ ಭ್ರೂಣತಜ್ಞೆ ನನ್ನನ್ನು ಕರೆದು ಪರದೆಯೊಂದರ ಮುಂದೆ ಕೂರಿಸಿದರು. ಎಂಟು ವರ್ಷ ಹೆಪ್ಪುಗಟ್ಟಿದ್ದವು ಅಲ್ಲಿದ್ದವು. ಬಹಳಷ್ಟು ಅಲುಗಾಡದೆ ಬಿದ್ದಿದ್ದವು. ಕೆಲವಕ್ಕೆ ಬಾಲ ಸುರುಳಿ ಸುತ್ತಿಕೊಂಡಿತ್ತು. ಕೆಲವು ನಿಂತಲ್ಲೇ ನಡುಗುತ್ತಿದ್ದವು. ಒಂದು ಮಾತ್ರ ಪರದೆಯ ಎಡಮೂಲೆಯಿಂದ ಹೊರಟು, ಬಿದ್ದವುಗಳನ್ನು ಬಳಸಿಕೊಂಡು, ನೇರವಾಗಿ ಈಜಿ ಆಚೆ ದಾಟಿಹೋಯಿತು. ನಾನು ಉಸಿರು ಹಿಡಿದು ನೋಡುತ್ತಿದ್ದೆ.

ಹೆಪ್ಪುಗಟ್ಟಿಸುವ ಮುನ್ನ ನೂರಕ್ಕೆ ನಲವತ್ತಾರು ಚಲಿಸುತ್ತಿದ್ದವು, ಈಗ ಹತ್ತೊಂಬತ್ತು. ನನ್ನ ಮುಖ ಕಂಡು ಆಕೆ ಕುರ್ಚಿ ಎಳೆದುಕೊಂಡು ಕೂತರು. ಕರಗಿಸಿದಾಗ ಚಲಿಸುವವುಗಳಲ್ಲಿ ಅರ್ಧದಷ್ಟು ನಿಂತುಹೋಗುವುದು ಸಾಮಾನ್ಯ, ಕಾಯಿಲೆಯಲ್ಲಿದ್ದಾಗ ತೆಗೆದದ್ದಾದರೆ ಇನ್ನಷ್ಟು ಹೆಚ್ಚು ಎಂದರು. ಬಾಲಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಕ್ಕೂ ಪೊರೆಗೂ ಪೆಟ್ಟು ಬೀಳುವುದರಿಂದ ಈಜು ಮೊದಲು ಕೆಡುತ್ತದಂತೆ. ಅಲುಗಾಡದ್ದೆಲ್ಲ ಸತ್ತದ್ದಲ್ಲ ಎಂದೂ ಹೇಳಿದರು. ಇಕ್ಸಿ ವಿಧಾನದಲ್ಲಿ ಒಂದೊಂದು ಅಂಡಾಣುವಿನೊಳಕ್ಕೆ ಒಂದೊಂದನ್ನೇ ಆರಿಸಿ ಸೂಜಿಯಿಂದ ಬಿಡುತ್ತಾರೆ.

ಹೊರಬಂದು ಅಪ್ಪನಿಗೆ ಫೋನು ಮಾಡಿದೆ.

"ಚಲನೆ ಎಷ್ಟು?"

"ನೂರಕ್ಕೆ ಹತ್ತೊಂಬತ್ತು."

ಅವರು ಸುಮ್ಮನಾದರು. ಹೋರಿಗಳದ್ದು ಐವತ್ತಕ್ಕಿಂತ ಕಡಿಮೆ ಬಂದರೆ ಕೇಂದ್ರದಲ್ಲೇ ಎಸೆದುಬಿಡುತ್ತಾರೆಂದು ಅವರೇ ನನಗೆ ಹೇಳಿದ್ದರು. ಇಬ್ಬರಿಗೂ ಅದು ನೆನಪಿಗೆ ಬಂದಿರಬೇಕು.

"ಅಂಡ ಎಷ್ಟು ಸಿಕ್ಕವು?"

"ಒಂಬತ್ತು."

"ಹಾಗಾದರೆ ಒಂಬತ್ತು ಗಟ್ಟಿ ಇದ್ದರಾಯಿತಲ್ಲಪ್ಪ" ಎಂದರು. ಗಂಟಲು ಸರಿಮಾಡಿಕೊಂಡು, "ಸೊಸೆ ಎದ್ದಳಾ? ಎದ್ದ ಕೂಡಲೇ ಏನಾದರೂ ತಿನ್ನಿಸು" ಎಂದರು.

ಅವಳಿಗೆ ಇನ್ನೂ ಅರಿವಳಿಕೆಯ ಮಂಪರು ಇಳಿದಿರಲಿಲ್ಲ. ನಾನು ಇಡ್ಲಿ ತರಲು ಕೆಳಗಿಳಿದೆ.